ಅವ್ವ ಹೇಳದ ಉಚ್ಚಾರಾಂಶ

ಗದಗಿನ ದವಾಖಾನೆಯಿಂದ ಅವ್ವನನ್ನು ಮನೆಗೆ ಕಳಿಸುವಾಗ ಡಾಕ್ಟರು ಗುಳಿಗೆಗಳ ಬಗ್ಗೆ ಹೇಳಿದ್ದು ನನಗೆ ಅರ್ಧವೂ ನೆನಪಿಲ್ಲ. ಬಾಗಿಲವರೆಗೆ ಬಂದು ಹೇಳಿದ ಒಂದು ಮಾತು ಮಾತ್ರ ತಲೆಯಿಂದ ಇಳಿಯಲೇ ಇಲ್ಲ.

"ಈಗ ಬರೂ ಮಾತು ಒಮ್ಮಿಂದೊಮ್ಮೆ ನಿಂತ್ರ, ನಾಳೆ ನೋಡೂಣು ಅಂತ ಕುಂದರಬ್ಯಾಡ್ರಿ. ಲಗೂ ಕರಕೊಂಡು ಬರ್ರಿ."

ಅವ್ವನ ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಸೋತಿತ್ತು, ಮಾತು ಹೋಗಿತ್ತು. ಇನ್ನೊಮ್ಮೆ ಹಾಗಾಗಬಹುದು, ಹಾಗಾದರೆ ಅದು ಮೊದಲು ಮಾತಿನಲ್ಲೇ ತೋರಿಕೊಳ್ಳಬಹುದು ಎಂಬುದು ಡಾಕ್ಟರ ಅಭಿಪ್ರಾಯ. ಬೇರೆ ಯಾರಿಗಾದರೂ ಇದನ್ನು ಹೇಳಿದ್ದರೆ ತಲೆಯಾಡಿಸಿ ಮನೆಗೆ ಬಂದು ಗಂಜಿ ಕಾಸುತ್ತಿದ್ದರು. ನನಗೆ ಹೇಳಿದ್ದು ಕೆಟ್ಟಿತು. ನಾನು ಮೊದಲೇ ಪುಕ್ಕಲು, ಸಾಲದ್ದಕ್ಕೆ ಜನರ ಬಾಯಿಂದ ಬರುವ ಧ್ವನಿಗಳನ್ನು ಬರೆದುಕೊಳ್ಳುವುದೇ ನನ್ನ ಕಸುಬು.

ಗಜೇಂದ್ರಗಡದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಭಾಷಾವಿಜ್ಞಾನ ಯಾರಿಗೂ ಬೇಡವಾದ್ದರಿಂದ ಅದು ನನ್ನ ತಲೆಗೆ ಬಂದಿದೆ. ಮನೆ ರೋಣದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮಕ್ಕಳಿಗೆ ಧ್ವನಿಲಿಪಿ ಹೇಳಿಕೊಡುವಾಗ ನಾನು ಮೊದಲು ಹೇಳುವುದು, ಪುಸ್ತಕ ಮುಚ್ಚಿಡಿ, ಬಾಯಿ ಏನು ಹೇಳಿತೋ ಅಷ್ಟನ್ನೇ ಬರೆಯಿರಿ ಎಂದು. ಒಂದು ಉಚ್ಚಾರಾಂಶ ಅಂದರೆ ನಡುವೆ ಒಂದು ಸ್ವರ. ಅದರ ಮುಂದೆ ವ್ಯಂಜನ ಇರಬಹುದು, ಹಿಂದೆಯೂ ಇರಬಹುದು. ಪುಸ್ತಕದ 'ಹಾಲು' ಎರಡು ಉಚ್ಚಾರಾಂಶ, ಆದರೆ ನಮ್ಮ ಬಾಯಲ್ಲಿ ಅದು 'ಹಾಲ್', ಒಂದೇ. ಕೊನೆಯ ಉಕಾರ ಬಿದ್ದುಹೋಗಿ ಲಕಾರ ಹಿಂದಿನ ಸ್ವರಕ್ಕೆ ಅಂಟಿಕೊಳ್ಳುತ್ತದೆ. ಇಷ್ಟು ಹೇಳಿದರೆ ಹುಡುಗರು ನಗುತ್ತಾರೆ. ಸಾಲಿಯಲ್ಲಿ ಇದಕ್ಕೇ ಅವರು ಬೈಸಿಕೊಂಡಿರುತ್ತಾರೆ.

ಈ ವಿದ್ಯೆಯನ್ನು ಅವ್ವನ ಮೇಲೆ ಹೂಡಿದೆ. ದಿನಾ ಸಂಜೆ ಕಾಲೇಜಿನಿಂದ ಬಂದು ಕೈಕಾಲು ತೊಳೆದು ಅವಳು ಮಲಗುವ ಹೊರಸಿನ ಮುಂದೆ ಕೂರುತ್ತಿದ್ದೆ. ಚಿತ್ರದ ಕಾರ್ಡು ಹಿಡಿಯುವುದು, ಅವಳು ಹೇಳಿದ್ದನ್ನು ಮೊಬೈಲಿನಲ್ಲಿ ಹಿಡಿದಿಡುವುದು, ಮತ್ತೆ ಮತ್ತೆ ಕೇಳಿ ಧ್ವನಿಲಿಪಿಯಲ್ಲಿ ಬರೆಯುವುದು, ಉಚ್ಚಾರಾಂಶಗಳ ನಡುವೆ ಚುಕ್ಕೆ ಇಡುವುದು. ನಿನ್ನೆ ಬಂದದ್ದು ಇವತ್ತೂ ಬಂತೇ? 'ರೊಟ್ಟಿ'ಯಲ್ಲಿ ಟಕಾರದ ಒತ್ತು ಸರಿ ಇತ್ತೇ, ಸಡಿಲವಾಗಿತ್ತೇ? ಸಡಿಲವಾಗಿದೆ ಅನ್ನಿಸಿದರೆ ಸಾಕು, ಆ ರಾತ್ರಿಯ ಊಟ ರುಚಿಸುತ್ತಿರಲಿಲ್ಲ. ಅವ್ವ ಬಾಯಿ ತೆರೆಯುವ ಮೊದಲೇ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಎಷ್ಟೋ ಸಲ ಅವಳೇ ಎಡಗೈಯಿಂದ ನನ್ನ ಮೊಣಕಾಲು ತಟ್ಟಿ, ಇರು, ಹೇಳ್ತೀನಿ ಎನ್ನುವಂತೆ ಕಣ್ಸನ್ನೆ ಮಾಡುತ್ತಿದ್ದಳು.

ಮೊದಮೊದಲು ಅವಳಿಗೆ ಉಳಿದದ್ದು 'ಹೂಂ', 'ಬ್ಯಾಡ', ನೋವಾದರೆ 'ಅಯ್ಯ ಶಿವನ'. ಆಮೇಲೆ ಒಂದೊಂದೇ ಬಂದವು. ನೀರು ಬಂತು, ಉಪ್ಪು ಬಂತು, ಬಳ್ಳೊಳ್ಳಿ ಬಂತು. ನನ್ನ ಹೆಸರು ಬಂದ ದಿನ ನಾನು ಅಡುಗೆಮನೆಗೆ ಹೋಗಿ ಅತ್ತೆ.

ವಾರಕ್ಕೊಮ್ಮೆ ಗದಗಿನಲ್ಲಿ ಮಾತಿನ ತರಬೇತಿಯ ಹುಡುಗಿಗೆ ತೋರಿಸುತ್ತಿದ್ದೆವು. ಮೈಸೂರು ಕಡೆಯವಳು, ಒಳ್ಳೆಯವಳು. ಮೊದಲ ವಾರ ಅವ್ವ 'ಹಾಲ್', 'ಕಾಲ್', 'ನೀರ್' ಅಂದದ್ದಕ್ಕೆಲ್ಲ ಕೊನೆಯ ಉಚ್ಚಾರಾಂಶ ಬಿಡುತ್ತಾರೆ ಎಂದು ಗುರುತು ಹಾಕಿದಳು. ನಾನು ಜಗಳಕ್ಕೇ ನಿಂತೆ. ನಮ್ಮೂರಿನಲ್ಲಿ ಗಟ್ಟಿಮುಟ್ಟಾಗಿರುವವರೂ ಅದನ್ನು ಬಿಡುತ್ತಾರೆ, ನಾನೂ ಬಿಡುತ್ತೇನೆ, ಹಾಗಿದ್ದರೆ ನನ್ನನ್ನೂ ಭರ್ತಿ ಮಾಡಿಕೊಳ್ಳಿ ಅಂದೆ. ಅವಳು ನಕ್ಕು ಎಲ್ಲ ತಿದ್ದಿಕೊಂಡಳು. ಇನ್ನೊಂದು ಸಲ ಅವ್ವನಿಗೆ ಯಜಮಾನರ ಹೆಸರೇನು ಎಂದು ಕೇಳಿದಳು. ಅವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ನಮ್ಮ ಕಡೆ ಅವಳ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಅದನ್ನು ಪರೀಕ್ಷೆಯಲ್ಲಿ ಹಿಡಿಯಬೇಡಿ ಎಂದು ನಾನೇ ತಿಳಿಸಿ ಹೇಳಿದೆ. ನನಗೆ ಎಲ್ಲ ಗೊತ್ತು ಎಂಬ ಧಿಮಾಕು ಆಗ ಇತ್ತು.

ಅಪ್ಪನದು ಹಿಟ್ಟಿನ ಗಿರಣಿ. ಮನೆಗೆ ಹತ್ತಿಕೊಂಡೇ ಇದೆ, ನಡುವೆ ಒಂದು ಬಾಗಿಲು. ಗಿರಣಿ ನಡೆಯುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅವ್ವ ಗಟ್ಟಿಯಿದ್ದಾಗ ಅಪ್ಪನನ್ನು ಊಟಕ್ಕೆ ಕರೆಯಬೇಕಾದರೆ ಆ ಬಾಗಿಲಲ್ಲಿ ನಿಂತು ಖಾಲಿ ಡಬ್ಬಿಯನ್ನು ಲಟ್ಟಣಿಗೆಯಿಂದ ಬಡಿಯುತ್ತಿದ್ದಳು. ಗಿರಣಿ ನಿಂತಿದ್ದರೆ 'ಕೇಳ್ರಿ ಇಲ್ಲೆ' ಅನ್ನುತ್ತಿದ್ದಳು. ಈಗ ಹೊರಸನ್ನು ಆ ಬಾಗಿಲ ಎದುರಿಗೇ ಹಾಕಿದ್ದೆವು. ಅಪ್ಪ ಕೆಲಸದ ನಡುವೆ ಹಣಿಕಿ ನೋಡಿ ಹೋಗುತ್ತಿದ್ದ.

ತರಬೇತಿಯ ಹುಡುಗಿ ಹೊಸ ಚಿತ್ರಗಳನ್ನು ಕೊಟ್ಟು ಕಳಿಸಿದ ವಾರ ನನ್ನ ನಿಜವಾದ ಸಂಕಟ ಸುರುವಾಯಿತು. ಮೇಲಿನ ಕಾರ್ಡು ಬಸ್ಸಿನದು. ಕೆಂಪು ಬಸ್ಸು, ದಿನಾ ನಮ್ಮ ಓಣಿಯ ತುದಿಯಲ್ಲಿ ಹಾಯುವಂಥದ್ದೇ. ಇದೇನು ದೊಡ್ಡದು ಎಂದು ಹಿಡಿದೆ. ಅವ್ವ ನೋಡಿದಳು, ಗುರುತು ಹಿಡಿದಳು, ಅದು ಕಣ್ಣಲ್ಲೇ ಗೊತ್ತಾಯಿತು. ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಗಿರಣಿಯ ಬಾಗಿಲ ಕಡೆ ನೋಡಿದಳು, ನನ್ನನ್ನು ನೋಡಿದಳು, ಅಡ್ಡಡ್ಡ ತಲೆಯಾಡಿಸಿದಳು. ಕಣ್ಣಲ್ಲಿ ನೀರು ಬಂತು.

ಮುಂದಿನ ಕಾರ್ಡು ಹಿಡಿದೆ, ಬದನೆಕಾಯಿ. 'ಬದನಿಕಾಯಿ' ಎಂದು ಸ್ಪಷ್ಟವಾಗಿ ಹೇಳಿದಳು. ಸಕ್ಕರೆ, ಸರಿಯಾಗಿ ಬಂತು. ಬಸವನಹುಳು ತೋರಿಸಿದೆ. ಮತ್ತೆ ಅದೇ ತಡೆ, ಅದೇ ಕಣ್ಣೀರು. ಅನ್ನದ ಗಂಜಿ ಬಸಿಯುವ ಚಿತ್ರ ತೋರಿಸಿದೆ. ಆಗಲೂ ಅದೇ. ಬಕಾರ ಬರುತ್ತದೆ, ಸಕಾರ ಬರುತ್ತದೆ, 'ಬ'ದ ಬೆನ್ನಿಗೆ 'ಸ' ಬರಬೇಕಾದ ಕಡೆ ಮಾತು ನಿಂತುಬಿಡುತ್ತದೆ. ಎರಡು ಧ್ವನಿಗಳು ಕೂಡುವ ಆ ಒಂದು ಕೀಲೇ ಮುರಿದಂತೆ ನನಗೆ ಕಂಡಿತು. ಮಿದುಳಿನಲ್ಲಿ ಹೊಸದಾಗಿ ಏನೋ ಆಗಿದೆ, ಸಣ್ಣದಾಗಿ ಸುರುವಾಗಿದೆ, ಡಾಕ್ಟರು ಹೇಳಿದ್ದು ಇದೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಅಪ್ಪನಿಗೆ ಗಿರಣಿ ಬಂದ್ ಮಾಡು ಅಂದೆ. ಏನಾತು ಎಂದು ಅವನು ಕೇಳಿದ್ದಕ್ಕೆ ಉತ್ತರ ಕೊಡುವಷ್ಟು ತಾಳ್ಮೆಯೂ ನನಗಿರಲಿಲ್ಲ. ಬಾಡಿಗೆ ಗಾಡಿ ಮಾಡಿಕೊಂಡು ಗದಗಿಗೆ ಓಡಿದೆವು.

ಸ್ಕ್ಯಾನಿನಲ್ಲಿ ಹೊಸದೇನೂ ಇರಲಿಲ್ಲ. ಹಳೆಯ ಕಲೆ ಇದ್ದಲ್ಲೇ ಇತ್ತು. ಡಾಕ್ಟರು ನನ್ನ ವಿವರಣೆಯನ್ನೆಲ್ಲ ಸಮಾಧಾನದಿಂದ ಕೇಳಿ, ಸದ್ಯಕ್ಕೆ ಚಿಂತೆಯಿಲ್ಲ, ಆದರೆ ಕಣ್ಣಿಟ್ಟಿರಿ ಅಂದರು. ಕಣ್ಣಿಡಬೇಕಾದದ್ದು ಇದೆ ಅಂದಮೇಲೆ ಚಿಂತೆಯಿಲ್ಲ ಅಂದರೆ ಏನರ್ಥ? ವಾಪಸು ಬರುವಾಗ ಗಾಡಿಯಲ್ಲಿ ಅವ್ವ ನಿದ್ದೆ ಹೋದಳು. ಅವಳ ಉಸಿರಾಟ ಎಣಿಸುತ್ತ ಕೂತೆ. ಎರಡೂ ಕಡೆ ಕಡಲೆ ಹೊಲ ಹಸಿರಾಗಿತ್ತು ಎಂದು ಅಪ್ಪ ಆಮೇಲೆ ಹೇಳಿದ. ನಾನು ನೋಡಲಿಲ್ಲ.

ಆ ದಿನಗಳಲ್ಲಿ ನಾನು ಮನೆಯವರಿಗೂ ಕಾಲೇಜಿನವರಿಗೂ ಸಾಕುಸಾಕಾಗಿದ್ದೆ. ಪಾಠದ ನಡುವೆ ಮನೆಗೆ ಫೋನು ಮಾಡುತ್ತಿದ್ದೆ. ಅವ್ವನಿಂದ ಇದನ್ನು ಹೇಳಿಸಿ ನೋಡು ಎಂದು ಅಪ್ಪನಿಗೆ ಶಬ್ದ ಕೊಡುತ್ತಿದ್ದೆ. ಅವನೋ ಗಿರಣಿಯ ಸದ್ದಿನಲ್ಲಿ ಕಿವಿ ಮಂದ ಮಾಡಿಕೊಂಡವನು. ಅಕಿ ಎಲ್ಲಾ ಚಲೋನ ಹೇಳಿದಳು ಎಂದುಬಿಡುತ್ತಿದ್ದ. ಕೇಳಿಸಿಕೊಂಡು ಹೇಳುತ್ತಾನೋ ನನ್ನ ಬಾಯಿ ಮುಚ್ಚಿಸಲು ಹೇಳುತ್ತಾನೋ ಗೊತ್ತಾಗುತ್ತಿರಲಿಲ್ಲ. ಸಂಜೆ ಬಂದು ಮತ್ತೆ ಬಸ್ಸಿನ ಚಿತ್ರ ಹಿಡಿಯುತ್ತಿದ್ದೆ. ಬೇರೆ ಶಬ್ದಗಳು ದಿನದಿನಕ್ಕೆ ಹೆಚ್ಚಾಗುತ್ತಿದ್ದವು, ಅದರ ಕಡೆ ನನಗೆ ಲಕ್ಷ್ಯವೇ ಇಲ್ಲ. ಅವ್ವ ಆ ಕಾರ್ಡನ್ನು ಕಂಡರೆ ಮುಖ ಗೋಡೆಗೆ ತಿರುಗಿಸತೊಡಗಿದಳು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ನನ್ನ ಮೇಲೇ ಹೇಸಿಕೆಯಾಗುತ್ತಿತ್ತು.

ಆಗ ನರಗುಂದದಿಂದ ಚಿಗವ್ವ ಬಂದಳು. ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಇಬ್ಬರೂ ಅಬ್ಬಿಗೇರಿಯ ಒಂದೇ ಮನೆಯಲ್ಲಿ ಬೆಳೆದವರು, ದನಿ ಎಷ್ಟು ಒಂದೇ ಎಂದರೆ ಫೋನಿನಲ್ಲಿ ನನಗೂ ಗೊಂದಲವಾಗುತ್ತದೆ. ಚಿಗವ್ವ ಚೀಲ ಇಳಿಸುತ್ತಲೇ ಅಕ್ಕನ ಕೈ ಹಿಡಿದು ಕೂತಳು, ಹೊರಡುವಾಗಿನಿಂದ ಆದ ರಾಮಾಯಣವನ್ನೆಲ್ಲ ಹೇಳತೊಡಗಿದಳು.

"ಮುಂಜಾನಿ ಬಸ್ಸ ತಪ್ಪಿತವಾ. ಇನ್ನೊಂದ ಬಸ್ಸಿಗೆ ಕಾಲ್ ಇಡಾಕ ಜಾಗಾ ಇರಲಿಲ್ಲ," ಅಂದಳು.

ಅವ್ವ ಸಂತಾಪದಿಂದ ತಲೆಯಾಡಿಸಿದಳು. ತುಟಿ ಅಲುಗಿತು. ತಡೆದು ತಡೆದು, "ಮೋ... ಮೋಟಾರ... ತುಂಬಿತ್ತ?" ಅಂದಳು.

ಕೈಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ನಾನು ನಿಂತಲ್ಲೇ ನಿಂತೆ. ಒಂದೇ ತಾಯಿಯ ಮಕ್ಕಳು, ಒಂದೇ ಊರಿನ ಮಾತು. ಒಬ್ಬಳ ಬಾಯಲ್ಲಿ ಬಸ್ಸು, ಇನ್ನೊಬ್ಬಳ ಬಾಯಲ್ಲಿ ಮೋಟಾರು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಅದು ಮೋಟಾರೇ. ಮೋಟಾರ ಬಂತು, ಮೋಟಾರ ಹೋತು. ಗಂಜಿ ಬಸಿ ಎಂದು ಅವ್ವ ಎಂದೂ ಹೇಳಿದವಳಲ್ಲ, ಗಂಜಿ ತೆಗಿ ಅನ್ನುತ್ತಿದ್ದಳು. ಬಸಳೆ ಅವಳಿಗೆ ಬಳ್ಳಿತಪ್ಪಲ. ಯಾರಾದರೂ ಬಸುರಿಯಾದರೆ ಎರಡ ಜೀವದಾಕಿ. ಹಳೆಯ ಕಾಲದ ಮಾತು ಎಂದುಕೊಂಡೇ ನಾನು ಬೆಳೆದಿದ್ದೆ. ಗಂಡನ ಹೆಸರು ಹೇಳುವುದಿಲ್ಲ ಎಂದು ಗದಗಿನಲ್ಲಿ ದೊಡ್ಡದಾಗಿ ತಿಳಿಸಿ ಹೇಳಿದ ನನಗೆ, ಆ ಹೆಸರು ಸುರುವಾಗುವ ಧ್ವನಿಗಳಿರುವ ಮಾತುಗಳನ್ನೂ ಅವ್ವ ಒಂದು ಜನ್ಮಪೂರ್ತಿ ಬಳಸು ಹಾದಿಯಲ್ಲಿ ದಾಟಿದ್ದಳು ಎಂಬುದು ಹೊಳೆದಿರಲಿಲ್ಲ. ಅಪ್ಪನ ಹೆಸರು 'ಬಸ' ಎಂದು ಸುರುವಾಗುತ್ತದೆ. ಉಳಿದದ್ದನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಅಷ್ಟು ದಿನ ರೋಗ ಅವ್ವನಿಂದ 'ಮೋಟಾರ'ವನ್ನು ಒಯ್ದಿತ್ತು, 'ಬಸ್' ಅನ್ನಬಾರದು ಎಂಬುದನ್ನು ಒಯ್ದಿರಲಿಲ್ಲ. ಅಷ್ಟೇ. ಚಿತ್ರ ಹಿಡಿದಾಗ ಅವಳ ಬಾಯಲ್ಲಿ ಮಾತು ಇತ್ತು, ಆದರೆ ಹೇಳುವ ಹಾಗಿರಲಿಲ್ಲ. ಎದುರಿಗೆ ಬಾಗಿಲಲ್ಲಿ ಗಂಡ, ಮುಂದೆ ಕಾರ್ಡು ಹಿಡಿದು ಹೇಳು ಹೇಳು ಎಂದು ಪ್ರಾಣ ತಿನ್ನುವ ಮಗಳು. ಪಾಪ, ಅತ್ತದ್ದರಲ್ಲಿ ಏನು ಆಶ್ಚರ್ಯ!

ಚಿಗವ್ವನಿಗೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ಅಪ್ಪನನ್ನು ಕರೆದು, ನಿಮ್ಮ ಹೆಸರಿನ ಸಲುವಾಗಿ ಈ ಹುಡುಗಿ ಸ್ಕ್ಯಾನ್ ಮಾಡಿಸ್ಯಾಳ್ರಿ ಎಂದು ಕಾಡಿಸಿದಳು. ಅಪ್ಪ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ, ಹೇಳಿದ್ರ ನಾ ಏನ ಸಾಯತಿದ್ದಿಲ್ಲ ಎಂದು ಗೊಣಗಿದ. ಆದರೆ ಖುಷಿಯಾಗಿದ್ದ.

ಚಿಗವ್ವ ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಕಡೆ ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರಿಗೆ ಗಂಡನ ಹೆಸರು ಹೇಳಲು ಒಂದು ದಾರಿ ಉಂಟು. ಅದಕ್ಕೆ ಒಡಪು ಎನ್ನುತ್ತಾರೆ. ಪ್ರಾಸ ಕೂಡಿಸಿದ ಒಂದೆರಡು ಸಾಲು, ಅದರ ಕೊನೆಗೆ ಹೆಸರು. ಹಾಗೆ ಹೇಳಿದರೆ ತಪ್ಪಿಲ್ಲ. ಅವ್ವ ಹರೆಯದಲ್ಲಿ ಒಡಪು ಹೇಳುವುದರಲ್ಲಿ ಎತ್ತಿದ ಕೈಯಂತೆ. ಚಿಗವ್ವ ಅವಳ ಮದುವೆಯ ಒಡಪಿನ ಮೊದಲ ಸಾಲು ಎತ್ತಿದಳು. ಅವ್ವ ಎಡಗೈಯಿಂದ ಹೊರಸಿನ ಪಟ್ಟಿಯ ಮೇಲೆ ತಾಳ ಹಾಕುತ್ತ ಎರಡನೆಯ ಸಾಲು ಹಿಡಿದಳು. ನಾಲ್ಕು ಶಬ್ದ ಕೂಡಿಸಲು ಒದ್ದಾಡುತ್ತಿದ್ದವಳು ಇಡೀ ಸಾಲನ್ನು ಒಂದೇ ಉಸಿರಿಗೆ ಹೇಳಿದಳು. ಕೊನೆಗೆ ಬಂದಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ದನಿ ತಗ್ಗಿಸಿ, ಅವಸರದಲ್ಲಿ ಅಪ್ಪನ ಹೆಸರು ಹೇಳಿ ಮುಗಿಸಿದಳು. ಅಪ್ಪ ಅಷ್ಟರಲ್ಲಿ ಗಿರಣಿಗೆ ಓಡಿದ್ದ.

ಆ ಹೆಸರು ಅವಳೊಳಗೆ ಇತ್ತು, ಇದ್ದಲ್ಲೇ ಇತ್ತು, ತಾನು ಬರಬೇಕಾದ ಹೊತ್ತಿಗೆ ಮಾತ್ರ ಬಂತು. ನನಗೆ ಎಷ್ಟು ಸಮಾಧಾನವಾಯಿತು ಎಂದರೆ ಬಸ್ಸು, ಹುಳು, ಗಂಜಿ ಮೂರೂ ಕಾರ್ಡುಗಳನ್ನು ತೆಗೆದು ಕಪಾಟಿನ ಮೇಲೆ ಎಸೆದೆ. ಆ ವಾರ ಹೊಟ್ಟೆತುಂಬ ಉಂಡೆ, ಕಣ್ತುಂಬ ನಿದ್ದೆ ಮಾಡಿದೆ. ಕಾಲೇಜಿನಲ್ಲಿ ಹುಡುಗರಿಗೆ ಈ ಸಂಗತಿಯನ್ನು ಕತೆ ಮಾಡಿ ಹೇಳಿ ನಗಿಸಿದೆ. ಹೋಗುವ ಮಾತಿಗೆ ಕಾವಲು ಕೂರುವುದನ್ನು ಮಾತ್ರ ಬಿಟ್ಟಿರಲಿಲ್ಲ. ಸಂಜೆ ಬರೆದುಕೊಳ್ಳುತ್ತಿದ್ದೆ. ಒಂದೂ ಕಡಿಮೆಯಾಗಿರಲಿಲ್ಲ.

ಚಿಗವ್ವ ನರಗುಂದಕ್ಕೆ ಹೋದ ಮೇಲೆ ಒಂದು ಮುಂಜಾನೆ, ನಾನು ಕಾಲೇಜಿಗೆ ಹೊರಡಲು ಹೆರಳು ಹಾಕಿಕೊಳ್ಳುತ್ತಿದ್ದೆ. ಗಿರಣಿಯಲ್ಲಿ ಯಾರದೋ ಜೋಳ ಬೀಳುತ್ತಿತ್ತು. ಅವ್ವನ ದನಿ ಕೇಳಿಸಿತು. ಎತ್ತರದ ದನಿ, ಬಹಳ ದಿನದಿಂದ ಕೇಳಿರದ ದನಿ. ಅಪ್ಪನ ಹೆಸರು ಹಿಡಿದು ಕರೆದಳು. ಒಡಪಿಲ್ಲ, ಸೆರಗಿಲ್ಲ, 'ರಿ' ಇಲ್ಲ. ಪೂರಾ ಹೆಸರು.

ಮೊದಲು ನನಗೆ ಆದದ್ದು ಆನಂದ. ಇದನ್ನು ಮುಚ್ಚಿಡಲಾರೆ. ಬಕಾರದ ಬೆನ್ನಿಗೆ ಸಕಾರ, ಎಲ್ಲ ಉಚ್ಚಾರಾಂಶಗಳೂ ತಮ್ಮತಮ್ಮ ಜಾಗದಲ್ಲಿ, ಒಂದಕ್ಕೂ ಮುಕ್ಕಿಲ್ಲ. ಬಾಚಣಿಗೆ ಹಿಡಿದುಕೊಂಡೇ ಹೊರಗೆ ಬಂದೆ. ಗಿರಣಿ ನಿಂತಿತು. ಅಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಮಂದ ಕಿವಿಗೂ, ಅಷ್ಟು ಸದ್ದಿನ ನಡುವೆಯೂ, ಅದು ಕೇಳಿಸಿತ್ತು. ಅವನ ಮುಖದಲ್ಲೂ ನಗು ಬರುವುದರಲ್ಲಿತ್ತು.

ಅವ್ವ ಅವನನ್ನು ನೋಡಿದಳು. "ಬಾ ಇಲ್ಲೆ. ಎಲ್ಲಿ ಹೋಗಿದ್ದಿ?" ಅಂದಳು. ಮತ್ತೊಮ್ಮೆ ಹೆಸರು ಕರೆದಳು, ಓಣಿಯಲ್ಲಿ ಆಡಲು ಹೋದ ಹುಡುಗನನ್ನು ಕರೆಯುವ ಹಾಗೆ. ನಾಚಿಕೆ ಇರಲಿಲ್ಲ, ತುಂಟತನ ಇರಲಿಲ್ಲ. ಆ ಕಣ್ಣುಗಳಲ್ಲಿ ಅವನು ಗಂಡನಾಗಿರಲಿಲ್ಲ. ಹೆಸರು ಗೊತ್ತಿತ್ತು, ಆತ ತನಗೆ ಏನಾಗಬೇಕು ಎಂಬುದು ಗೊತ್ತಿರಲಿಲ್ಲ.

ಅಪ್ಪನ ನಗು ಅಲ್ಲೇ ನಿಂತಿತು. ನನ್ನ ಕಡೆ ನೋಡಿದ. ಇಬ್ಬರಿಗೂ ಒಂದೇ ಗಳಿಗೆಗೆ ಗೊತ್ತಾಯಿತು ಅಂತ ಕಾಣುತ್ತದೆ. ನಿಂತುಹೋಗುವ ಮಾತಿಗಾಗಿ ನಾನು ಅಷ್ಟು ದಿನ ಕಿವಿಯಿಟ್ಟು ಕೂತಿದ್ದೆ. ಬರಬಾರದ ಮಾತು ಬರುತ್ತದೆ ಎಂದು ನನಗಾಗಲಿ ಡಾಕ್ಟರಿಗಾಗಲಿ ಹೊಳೆದಿರಲಿಲ್ಲ. ಬಾಡಿಗೆ ಗಾಡಿಯವನಿಗೆ ಫೋನು ಮಾಡಿದೆ.

ಈ ಸಲ ಸ್ಕ್ಯಾನಿನಲ್ಲಿ ಹೊಸ ಕಲೆ ಇತ್ತು, ಮುಂಭಾಗದಲ್ಲಿ. ಲಗೂ ತಂದದ್ದು ಒಳ್ಳೆಯದಾಯಿತು, ಹೆಚ್ಚು ಹರಡಲಿಲ್ಲ ಅಂದರು. ಅವ್ವ ಉಳಿದಳು. ಈಗ ಮಾತು ಮೊದಲಿಗಿಂತ ಹೆಚ್ಚೇ ಇದೆ. ಬಸ್ಸು ಅನ್ನುತ್ತಾಳೆ. ಬಸಳೆ ಅನ್ನುತ್ತಾಳೆ. ಕಾರ್ಡು ಹಿಡಿದರೆ ತಟ್ಟನೆ ಹೇಳುತ್ತಾಳೆ. ತರಬೇತಿಯ ಹುಡುಗಿ ಹಾಳೆಯಲ್ಲಿ ಎಲ್ಲ ಕಡೆ ಸರಿ ಗುರುತು ಹಾಕಿ ನನ್ನ ಮುಖ ನೋಡಿದಳು. ನಾನು ಸಂಜೆ ಬರೆದುಕೊಳ್ಳುವುದನ್ನು ಬಿಟ್ಟಿದ್ದೇನೆ.

ದಿನಕ್ಕೆ ಎಷ್ಟೋ ಸಲ ಅಪ್ಪನ ಹೆಸರು ಹಿಡಿದು ಕೂಗುತ್ತಾಳೆ. ನೀರಿಗೆ ಕೂಗುತ್ತಾಳೆ, ಸುಮ್ಮನೆಯೂ ಕೂಗುತ್ತಾಳೆ. ಅಪ್ಪ ಗಿರಣಿ ನಿಲ್ಲಿಸಿ 'ಓ' ಅನ್ನುತ್ತಾನೆ. ಒಂದು ದಿನ ನನಗೆ ತಡೆಯಲಾಗಲಿಲ್ಲ. ಅವ್ವ ಹಂಗ ಕರದಾಗ ನಿನಗ ತ್ರಾಸ ಆಗೂದಿಲ್ಲೇನಪಾ ಎಂದು ಕೇಳಿದೆ. ಅವನು ಹಿಟ್ಟಿನ ಜಾಲರಿ ಜಾಡಿಸುತ್ತಿದ್ದ.

"ನಮ್ಮವ್ವ ಹೋದಮ್ಯಾಲೆ ನನ್ನ ಹಂಗ ಯಾರೂ ಕರದಿದ್ದಿಲ್ಲವಾ," ಅಂದ. "ನಾ ಯಾರಂತ ಅಕಿಗೆ ಗೊತ್ತಿಲ್ಲ, ಖರೇ. ಆದ್ರೂ ಕರೀತಾಳ. ಕರದ್ರ ಓ ಅನ್ನಬೇಕಲ್ಲ."

ಒಳಗಿನಿಂದ ಅವ್ವ ಮತ್ತೆ ಕರೆದಳು. ಅಪ್ಪ ಜಾಲರಿ ನನ್ನ ಕೈಗೆ ಕೊಟ್ಟು, ಓ ಎಂದು ಒಳಗೆ ಹೋದ.